ಪದಚರ್ಚೆ: ಸ್ನೋಮೊಬೈಲಿನ ‘ಸ್ಕ್ರ್ಯಾಚರ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಡುಲೂತ್, ಮಿನೆಸೋಟಾದಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಕನ್ನಡದವರು ಶನಿವಾರ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಗಾಡಿ) ಬಾಡಿಗೆಗೆ ಹಿಡಿದು ಹೊರಟಿದ್ದಾರೆ. ಊರಿಂದ ಬಂದಿರುವ ಮಾವಂದಿರೂ ಹ್ಯಾಂಡಲ್ ಹಿಡಿಯುವ ಹುಮ್ಮಸ್ಸಿನಲ್ಲಿದ್ದಾರೆ. ಅವರಿಗೆ ಕನ್ನಡದಲ್ಲಿ ಸೂಚನೆಯ ಚೀಟಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ನಾಳೆ ಸಂಜೆ ಪ್ರಿಂಟ್ ಆಗಬೇಕು.

ವಿಷಯ ಇಷ್ಟು. ಲಿಕ್ವಿಡ್ ಕೂಲ್ಡ್ ಗಾಡಿಗಳಲ್ಲಿ ಎಂಜಿನ್ನಿನ ಬಿಸಿ ಇಳಿಸುವುದು ಹೆಚ್ಚಾಗಿ ಹಿಮವೇ. ಸೀಟಿನ ಕೆಳಗೆ, ಗಾಡಿಯನ್ನು ಮುಂದೆ ತಳ್ಳುವ ಸುತ್ತುಪಟ್ಟೆಯ, ಅಂದರೆ ಟ್ರ್ಯಾಕಿನ ಮೇಲುಗಡೆ ಅಲ್ಯೂಮಿನಿಯಂ ಕೂಲರ್ ಇರುತ್ತದೆ. ಅದರೊಳಗೆ ಎಂಜಿನ್ನಿನ ಬಿಸಿ ಹೊತ್ತು ತರುವ ದ್ರವ, ಕೂಲೆಂಟ್, ಹರಿಯುತ್ತದೆ. ಟ್ರ್ಯಾಕ್ ಎರಚಿದ ಹಿಮ ಅದಕ್ಕೆ ಬಡಿದು ಕರಗಬೇಕು. ಮಾರ್ಚ್ ಹೊತ್ತಿಗೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ದಾರಿಯಲ್ಲಿ ಎರಚುವುದಕ್ಕೆ ಹಿಮವೇ ಏಳುವುದಿಲ್ಲ. ಎಂಜಿನ್ ಬಿಸಿಯೇರುತ್ತದೆ. ಟ್ರ್ಯಾಕ್ ಜಾರುವ ಹಳಿಗಳ ಅಡಿಯಲ್ಲಿ ಹೈಫ್ಯಾಕ್ಸ್ ಅನ್ನುವ ಪ್ಲಾಸ್ಟಿಕ್ ಪಟ್ಟಿ ಇದೆ. ಅದು ಸವೆಯದೆ ಜಾರುವುದೂ ಹಿಮದ ನೀರಿನಿಂದಲೇ. ಒಣಗಿದರೆ ಪಟ್ಟಿ ಕರಗಲು ಶುರು.

ಅದಕ್ಕೇ ಸ್ಕ್ರ್ಯಾಚರ್. ಹಳಿಗೆ ಬಿಗಿದ ಸ್ಪ್ರಿಂಗ್ ಕಡ್ಡಿ. ತುದಿ ನೆಲಕ್ಕೆ ತಾಗಿ, ಗಟ್ಟಿ ಹಿಮವನ್ನು ಗೀರಿ, ಪುಡಿ ಎಬ್ಬಿಸುತ್ತದೆ. ಇದಕ್ಕೊಂದು ಪದ ಬೇಕು. ‘ತುಳಿದು ಗಟ್ಟಿಯಾದ ಹಿಮ’ ಅನ್ನುವುದನ್ನೂ ಚಿಕ್ಕದು ಮಾಡಬೇಕು.

ಮೈಸೂರಿನಿಂದ:
ಮೊದಲು ‘ಹಿಮ’ ಬಿಡಿ. ಅದು ಸಂಸ್ಕೃತ. ನಮ್ಮದು ಮಂಜು. ಗಟ್ಟಿಮಂಜು ಅನ್ನಿ. ಸ್ಕ್ರ್ಯಾಚರ್‌ಗೆ ‘ಗೀರುಕ’. ಮುಗೀತು.

ಮಡಿಕೇರಿಯಿಂದ:
ಏನು ಮುಗೀತು ಸಾರ್? ನಮ್ಮೂರಲ್ಲಿ ಮಳೆಗಾಲವೆಲ್ಲ ಮಂಜೇ. ‘ಮಂಜಿನಲ್ಲಿ ಗಾಡಿ ಓಡಿಸುವಾಗ ಎಚ್ಚರ’ ಅಂದರೆ ನಾವು ಹೆಡ್‌ಲೈಟ್ ಹಾಕ್ತೀವಿ, ಕಡ್ಡಿ ಇಳಿಸಲ್ಲ. ಗಟ್ಟಿಮಂಜು ಅಂದರೆ ಎದುರಿನ ಬಸ್ಸೂ ಕಾಣದಷ್ಟು ಕವಿದಿದೆ ಅಂತ ತಿಳೀತೀವಿ. ಹಿಮ ಅಂದರೆ ಎಲ್ಲರಿಗೂ ಗೊತ್ತು.

ಹಾಸನದಿಂದ:
ಹಳ್ಳಿಯಲ್ಲಿ ಪದ ಇರುವಾಗ ಹೊಸದು ಯಾಕೆ? ಹಲುಬೆ! ರಾಗಿ ಹೊಲದಲ್ಲಿ ಹಲುಬೆ ಹೊಡೆಯೋದು ನೋಡಿಲ್ವಾ? ಹಲ್ಲು ನೆಲಕ್ಕೆ ತಾಗಿ ಮೇಲಿನ ಮಣ್ಣು ಸಡಿಲವಾಗುತ್ತದೆ. ನಿಮ್ಮ ಕಡ್ಡಿ ಮಾಡೋದೂ ಅದೇ. ಹಲ್ಲು ಇರೋದಕ್ಕೇ ಹಲುಬೆ ಅಂದಿರಬೇಕು. ಗಟ್ಟಿಯಾದದ್ದಕ್ಕೆ ‘ದಮ್ಮಸು ಹಿಮ’. ರಸ್ತೆಗೆ ದಮ್ಮಸು ಹಾಕ್ತೀವಲ್ಲ, ಹಾಗೆ.

ಮೈಸೂರಿನಿಂದ:
ದಮ್ಮಸು ಕನ್ನಡವಲ್ಲ. ಮರಾಠಿ, ಹಿಂದೂಸ್ತಾನಿ ಕಡೆಯಿಂದ ಬಂದದ್ದು. ಹಲುಬೆ ಬೇಕಾದರೆ ಇರಲಿ. ಆದರೆ ಬೆಂಗಳೂರಿನ ಹುಡುಗರು ‘ಹಲುಬು’ ಅಂತ ಓದಿ, ಗಾಡಿ ಗೋಳಾಡ್ತಿದೆ ಅಂದುಕೊಳ್ಳುತ್ತಾರೆ.

ಶಿವಮೊಗ್ಗದಿಂದ:
ಮೇಜು, ಕಿಟಕಿ, ಸಾಬೂನು ಎಲ್ಲ ಹೊರಗಿನಿಂದ ಬಂದವು. ನಿಮ್ಮ ಮನೆಯಿಂದ ಯಾವುದನ್ನು ಆಚೆ ಹಾಕಿದ್ದೀರಿ ಮೇಷ್ಟ್ರೇ? ಗಾಡಿಯ ಹೆಸರನ್ನೇ ನೋಡಿ. ಕೆನಡಾದ ಕ್ವಿಬೆಕ್‌ನ ವಾಲ್ಕೂರ್‌ನಲ್ಲಿ ಬೊಂಬಾರ್ಡಿಯೇ ಅನ್ನುವವನು 1959ರಲ್ಲಿ ‘ಸ್ಕಿ-ಡೂ’ ಮಾರಾಟಕ್ಕೆ ತಂದ. ಯಾವ ಕಂಪನಿಯ ಗಾಡಿಯಾದರೂ ಸ್ಕಿಡೂ ಅನ್ನುವವರು ಅಲ್ಲಿದ್ದಾರೆ. ಅಲಾಸ್ಕಾದವರಿಗೆ ಅದು ಸ್ನೋಮಷೀನ್. ಅಲ್ಲಿನವರೇ ಒಂದು ಹೆಸರಿಗೆ ಒಪ್ಪಿಲ್ಲ, ನಾವು ಇಲ್ಲಿ ಕೂತು ಶುದ್ಧಿ ಮಾಡೋಣವಾ?

ಮೈಸೂರಿನಿಂದ:
ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡರೆ ನಾಳೆ ಕ್ರಿಯಾಪದವೂ ಇರಲ್ಲ. ‘ಸ್ಕ್ರ್ಯಾಚ್ ಮಾಡಿ’ ಅಂತ ಬರೆಯಿರಿ, ಸಂತೋಷ.

ಎಡ್ಮಂಟನ್‌ನಿಂದ:
ಪದದ ಜಗಳ ಆಮೇಲೆ ಆಡಿ. ಚೀಟಿಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ. ರಿವರ್ಸ್ ಹಾಕುವ ಮೊದಲು ಆ ಕಡ್ಡಿಯನ್ನು ಎತ್ತಿ ಕೊಕ್ಕೆಗೆ ಸಿಗಿಸಬೇಕು. ಇಲ್ಲದಿದ್ದರೆ ತುದಿ ನೆಲಕ್ಕೆ ನಾಟಿ ಕಡ್ಡಿ ಬಾಗುತ್ತದೆ, ಇಲ್ಲಾ ಮುರಿಯುತ್ತದೆ. ಕೇಬಲ್ ತರಹದವು ರಿವರ್ಸ್ ತಡೆಯುತ್ತವೆ, ಬಾಡಿಗೆ ಅಂಗಡಿಯಲ್ಲೇ ಕೇಳಿಕೊಳ್ಳಿ. ಫ್ಯಾನ್ ಕೂಲ್ಡ್ ಗಾಡಿ ಕೊಟ್ಟರೆ ಎಂಜಿನ್ ಚಿಂತೆ ಕಡಿಮೆ, ಆದರೆ ಹೈಫ್ಯಾಕ್ಸ್ ಕರಗೋದು ಅದರಲ್ಲೂ ಉಂಟು. ಎಂಜಿನ್ ಬಿಸಿಯೇರಿದೆ ಅಂತ ಕೆಂಪು ದೀಪ ಹತ್ತಿದರೆ, ಜಾಗ ಇದ್ದ ಕಡೆ ದಾರಿಯ ಅಂಚಿನ ಮೆತ್ತನೆ ಹಿಮಕ್ಕೆ ಇಳಿಸಿ ಸ್ವಲ್ಪ ದೂರ ಓಡಿಸಿ. ಅಂಥ ಹಿಮ ಸಿಗದಿದ್ದರೆ ಎಂಜಿನ್ ಆಫ್ ಮಾಡಿ ಕಾಯಿರಿ. ಬಿಸಿ ಇರುವಾಗ ಕೂಲೆಂಟ್ ಮುಚ್ಚಳ ಯಾರೂ ಮುಟ್ಟಬಾರದು. ಮಾವಂದಿರಿಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಡುಲೂತ್‌ನಿಂದ:
ತುಂಬಾ ಉಪಕಾರವಾಯ್ತು. ‘ಗೀರುಕ’ ಓದಿದರೆ ಔಷಧಿಯ ಹೆಸರಿನ ಹಾಗೆ ಕೇಳಿಸುತ್ತದೆ, ಕ್ಷಮಿಸಿ. ಹಲುಬೆ ನನಗೆ ಇಷ್ಟವಾಯ್ತು, ಆದರೆ ಹೊಲ ನೋಡದವರೇ ಇಲ್ಲಿ ಜಾಸ್ತಿ. ‘ಗೀರುಕಡ್ಡಿ’ ಅಂತ ಹಾಕುತ್ತಿದ್ದೇನೆ. ಚೀಟಿ ಹೀಗಿದೆ:

“ದಾರಿಯ ಹಿಮ ಗಟ್ಟಿಯಾಗಿದ್ದರೆ ಗೀರುಕಡ್ಡಿ ಇಳಿಸಿ. ರಿವರ್ಸ್‌ಗೆ ಮೊದಲು ಎತ್ತಿ. ಕೆಂಪು ದೀಪ ಹತ್ತಿದರೆ ಮೆತ್ತನೆ ಹಿಮಕ್ಕೆ ಹೋಗಿ, ಸಿಗದಿದ್ದರೆ ಎಂಜಿನ್ ಆಫ್ ಮಾಡಿ. ಬಿಸಿ ಗಾಡಿಯ ಕೂಲೆಂಟ್ ಮುಚ್ಚಳ ತೆಗೆಯಬೇಡಿ.”

ಮೈಸೂರಿನಿಂದ:
ಕೂಲೆಂಟ್?

ಡುಲೂತ್‌ನಿಂದ:
ಮುಚ್ಚಳದ ಮೇಲೆ ಹಾಗೇ ಬರೆದಿದೆ ಸಾರ್. ಪ್ರಿಂಟ್‌ಗೆ ಕಳಿಸಿಯೂ ಆಯ್ತು.