ಸೊಂಟನೋವಿಗೆ ಆಕ್ಯುಪಂಕ್ಚರ್ ಮಾಡಿಸಿಕೊಂಡವರು ಇದ್ದೀರಾ?

ನಾಲ್ಕು ವರ್ಷದಿಂದ ಸೊಂಟನೋವು. ಸ್ಕ್ಯಾನ್‌ನಲ್ಲಿ ದೊಡ್ಡದೇನೂ ಕಾಣಲಿಲ್ಲ. ನೋವಿನ ಮಾತ್ರೆ ನುಂಗಿ ನುಂಗಿ ಈಗ ಹೊಟ್ಟೆ ಉರಿ ಬೇರೆ. ಆಕ್ಯುಪಂಕ್ಚರ್ ನೋಡೋಣ ಅನ್ನಿಸುತ್ತಿದೆ, ಆದರೆ ಸೂಜಿ ಅಂದರೆ ಭಯ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1
ನನ್ನದೂ ಸೊಂಟವೇ, ಏಳು ವರ್ಷದ ನೋವು. ಮೊದಲು ಭಯದ ಮಾತು ಹೇಳಿಬಿಡುತ್ತೇನೆ. ಇದು ಇಂಜೆಕ್ಷನ್ ಸೂಜಿಯಲ್ಲ. ಸುಮಾರು ಕಾಲು ಮಿಲಿಮೀಟರ್ ದಪ್ಪ, ಒಳಗೆ ತೂತಿಲ್ಲ, ಔಷಧಿಯೂ ಹೋಗುವುದಿಲ್ಲ. ಚುಚ್ಚುವಾಗ ಇರುವೆ ಕಚ್ಚಿದ ಹಾಗೆ. ಆಮೇಲೆ ಆ ಜಾಗ ಭಾರವಾಗಿ, ಒಳಗೊಳಗೇ ಜಗ್ಗಿದಂತೆ ಇರುತ್ತದೆ. ಇಪ್ಪತ್ತು ನಿಮಿಷ ಹಾಗೇ ಮಲಗಿಸಿದ್ದರು, ನನಗೆ ನಿದ್ದೆಯೇ ಬಂದಿತ್ತು.

ಮೊದಲ ಸಲ ಮಾಡಿಸಿದ ಮರುದಿನ ನೋವು ಜಾಸ್ತಿಯಾಗಿ ಅಳು ಬಂತು. ಎರಡು, ಮೂರನೇ ಸಲವೂ ಅಂಥ ವ್ಯತ್ಯಾಸವಿಲ್ಲ. ನಾಲ್ಕನೇ ಸಲ ಆದಮೇಲೆ ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಹಾಸಿಗೆಯಿಂದ ಎದ್ದಿದ್ದೆ! ನೋವು ಹೋಗಿಬಿಟ್ಟಿತು ಅಂತ ಹೇಳಲಾರೆ. ಹತ್ತಕ್ಕೆ ಏಳು ಇದ್ದದ್ದು ನಾಲ್ಕಕ್ಕೆ ಇಳಿಯಿತು. ಆದರೆ ನಾಲ್ಕು ಇದ್ದರೆ ನಡೆಯಬಹುದು, ಹೇಳಿಕೊಟ್ಟ ವ್ಯಾಯಾಮ ಮಾಡಬಹುದು. ನನಗೆ ಸಿಕ್ಕ ನಿಜವಾದ ಲಾಭ ಅದೇ. ಹತ್ತು ಸಲಕ್ಕೆ ನಿಲ್ಲಿಸಿದೆ. ವ್ಯಾಯಾಮ ಮಾತ್ರ ಬಿಟ್ಟಿಲ್ಲ.

ಉತ್ತರ 2
ನನ್ನ ಮಂಡಿಗೆ ಏನೂ ಆಗಲಿಲ್ಲ. ಎಂಟು ಸಲ ಹೋದೆ, ಇನ್ನೂ ಹತ್ತು ಬೇಕು ಅಂದರು. ಇಷ್ಟು ಸಲ ನೋಡುತ್ತೇನೆ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಎಷ್ಟು ನೋವು, ಎಷ್ಟು ಹೊತ್ತು ನಿದ್ದೆ ಅಂತ ದಿನಾ ಬರೆದಿಡಿ. ಬರೆದಿಡದಿದ್ದರೆ ಸುಮ್ನೆ ಆಸೆಯಲ್ಲಿ ಹೋಗುತ್ತಲೇ ಇರುತ್ತೇವೆ.

ಉತ್ತರ 3
ನಾನು ಫಿಸಿಯೋಥೆರಪಿಸ್ಟ್. ಮೇಲಿನ ಇಬ್ಬರ ಮಾತೂ ನಿಜ. ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 1,162 ಜನರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ನೋಡಿದರೆ, ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 27ರಷ್ಟು ಜನಕ್ಕೆ ಗುಣ ಕಂಡಿತ್ತು, ಆಕ್ಯುಪಂಕ್ಚರ್ ಗುಂಪಿನಲ್ಲಿ ಶೇ. 47ಕ್ಕೂ ಜಾಸ್ತಿ. ಆದರೆ ಆಕ್ಯುಪಂಕ್ಚರ್ ಬಿಂದುಗಳನ್ನು ಬಿಟ್ಟು ಬೇಕೆಂದೇ ಬೇರೆ ಜಾಗದಲ್ಲಿ, ಆಳಕ್ಕಿಳಿಸದೆ ಚುಚ್ಚಿಸಿಕೊಂಡವರಲ್ಲೂ ಶೇ. 44! ಹಾಗಾಗಿ ಇಂಥದ್ದೇ ಬಿಂದು ಅನ್ನುವುದಕ್ಕಿಂತ ಮಲಗಿ ವಿಶ್ರಾಂತಿ ಪಡೆಯುವುದು, ಒಬ್ಬರು ಗಮನ ಕೊಟ್ಟು ನೋಡುವುದು, ಗುಣವಾಗುತ್ತದೆ ಅನ್ನುವ ನಂಬಿಕೆ, ಇವುಗಳ ಪಾಲೂ ದೊಡ್ಡದು ಅಂತ ನನ್ನ ಅನಿಸಿಕೆ. ಯಾವ ಚಿಕಿತ್ಸೆ ಕೊಡಬಹುದು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ ಕೂಡ 2016ರಲ್ಲಿ ಸೊಂಟನೋವಿಗೆ ಇದು ಬೇಡ ಅಂದಿತ್ತು. 2021ರಲ್ಲಿ, ಬೇರೆ ಕಾರಣ ಸಿಗದ ದೀರ್ಘಕಾಲದ ನೋವಿಗೆ ಪರಿಗಣಿಸಬಹುದು ಅಂದಿತು.

ಹೋಗುವುದಾದರೆ ತರಬೇತಿ ಪಡೆದವರ ಹತ್ತಿರವೇ ಹೋಗಿ. ಹೊಸ ಸೂಜಿಯ ಪ್ಯಾಕೆಟ್ ನಿಮ್ಮ ಎದುರೇ ಒಡೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಎದೆ, ಭುಜದ ಹತ್ತಿರ ಚುಚ್ಚಿಸಿಕೊಂಡಮೇಲೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೂ ಗೊತ್ತಿರಲಿ. ಕಾಲು ಸೋಲುವುದು, ಮೂತ್ರದ ಹಿಡಿತ ತಪ್ಪುವುದು ಶುರುವಾದರೆ ಸೂಜಿಗೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಓಡಿ.

ಇನ್ನು ನಿಮ್ಮ ಹೊಟ್ಟೆ ಉರಿ. ಅದನ್ನು ಈ ವಾರವೇ ಡಾಕ್ಟರಿಗೆ ಹೇಳಿ, ಯಾವ ಮಾತ್ರೆ ಎಷ್ಟು ದಿನದಿಂದ ಅಂತ ಬರೆದುಕೊಂಡು ಹೋಗಿ.