ಅಲೆಯುವ ಆಸೆ ಹುಟ್ಟಿನಿಂದ ಬರುತ್ತದೋ, ಟಿಕೆಟ್ಟಿನಿಂದ ಬರುತ್ತದೋ?

ವರದಾ ದಂಡೆ:
ನಮ್ಮ ದೊಡ್ಡವ್ವನಿಗೆ 68 ವರ್ಷ. ಹಾವೇರಿ ಜಿಲ್ಲೆಯ ಸಣ್ಣ ಹಳ್ಳಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗುವ ತನಕ ಅವಳು ಕಂಡ ದೂರದ ಊರೆಂದರೆ ಹುಬ್ಬಳ್ಳಿ, ಅದೂ ಆಸ್ಪತ್ರೆಗೆ. ಆಮೇಲೆ ಧರ್ಮಸ್ಥಳ, ಶೃಂಗೇರಿ, ಹಂಪಿ, ಬಾದಾಮಿ ಎಲ್ಲಾ ಆಯಿತು. ಕಾರ್ತೀಕದಲ್ಲಿ ಮುರ್ಡೇಶ್ವರಕ್ಕೆ ನಾನೇ ಜೊತೆಗೆ ಹೋಗಿದ್ದೆ. ಗುಡಿಯೊಳಗೆ ಹತ್ತು ನಿಮಿಷ ನಿಂತಳು. ಸಮುದ್ರದ ಮುಂದೆ ಎರಡು ತಾಸು. ಚಪ್ಪಲಿ ಒಂದು ಕೈಯಲ್ಲಿ, ಸೀರೆಯ ನಿರಿಗೆ ಇನ್ನೊಂದು ಕೈಯಲ್ಲಿ. ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು “ಖರೇನ ಉಪ್ಪೈತಲ್ಲೋ” ಅಂದಳು. ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನೆಲ್ಲ ಎಲೆ ಅಡಿಕೆ ಸಂಚಿಯಲ್ಲಿ ಮಡಚಿ ಇಟ್ಟಿದ್ದಾಳೆ, ಒಂದನ್ನೂ ಎಸೆದಿಲ್ಲ.
ನನ್ನ ಮಾತು ಇಷ್ಟೇ. ಊರು ಬಿಟ್ಟು ಊರು ನೋಡುವ ಆಸೆ ಮನುಷ್ಯನಿಗೆ ಹಸಿವಿನ ಹಾಗೆ. ಅರವತ್ತೈದು ವರ್ಷ ಒತ್ತಿ ಹಿಡಿದರೂ ಸಾಯುವುದಿಲ್ಲ. ಹಾಗಲ್ಲದಿದ್ದರೆ ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ನಮ್ಮ ಬೀದರಿನ ತನಕ ಯಾಕೆ ಬಂದ? ಅವನಿಗೆ ಯಾರು ಉಚಿತ ಟಿಕೆಟ್ ಕೊಟ್ಟಿದ್ದರು?

ನಿಜನುಡಿ:
ಉಚಿತ ಟಿಕೆಟ್ ಎಂದು ನೀವೇ ಬರೆದಿರಿ. ಅಲ್ಲಿಗೆ ಚರ್ಚೆ ಮುಗಿಯಿತು. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂದು ಗಾದೆಯೇ ಇದೆ. ನಾಳೆ ಎಲ್ಲರಿಗೂ ಪೂರ್ತಿ ದರ ಹಾಕಲಿ, ಧರ್ಮಸ್ಥಳದ ಬಸ್ಸಿನಲ್ಲಿ ಎಷ್ಟು ಜನ ಇರುತ್ತಾರೆ ನೋಡೋಣ. 2025ರ ಜುಲೈ ಹೊತ್ತಿಗೆ ಈ ಯೋಜನೆಯಲ್ಲಿ 500 ಕೋಟಿ ಪ್ರಯಾಣ ದಾಟಿತು, ನಿಜ. ಅದರಲ್ಲಿ ಗಾರ್ಮೆಂಟ್ಸ್‌ಗೆ, ಕಾಲೇಜಿಗೆ, ಸಂತೆಗೆ ಹೋಗಿಬಂದವರೇ ತುಂಬಿದ್ದಾರೆ. ಅವರು ಹೊಟ್ಟೆಪಾಡಿಗೆ ಓಡಾಡುವವರು, ಅಲೆಯುವವರಲ್ಲ.
ಇನ್ನು ನಿಕಿತಿನ್. ಅವನು ಆಸೆಪಟ್ಟು ಬಂದವನಲ್ಲ. ಅವನೊಬ್ಬ ಸಾಲಗಾರ. ವೋಲ್ಗಾ ನದಿಯಲ್ಲಿ ಅಸ್ತ್ರಾಖಾನಿನ ತಾತಾರರು ದೋಣಿ ದೋಚಿದರು. ಊರಲ್ಲಿ ಸಾಲ ಇದ್ದವರಿಗೆ ಬರಿಗೈಯಲ್ಲಿ ಹಿಂದಿರುಗುವ ಹಾಗಿರಲಿಲ್ಲ, ಕಣ್ಣು ಕರೆದೊಯ್ದ ಕಡೆ ಹೋದರು. ಇದು ಅವನ ಟಿಪ್ಪಣಿಯಲ್ಲೇ ಇದೆ.

ಬೀದರದವ:
“ಸಾಲಗಾರ” ಅಂತ ಒಂದೇ ಮಾತಿನಾಗ ಮುಗಿಸಿಬಿಟ್ರಲ್ರೀ. ಸಾಲ ಇದ್ದವ ಬಾಕುನಾಗ ದುಡಿಬಹುದಿತ್ತು, ಪರ್ಷಿಯಾದಾಗ ನಿಲ್ಲಬಹುದಿತ್ತು. ಹೋರ್ಮುಜ್‌ನಿಂದ ಹಡಗು ಹತ್ತಿ ಕೊಂಕಣ ದಂಡಿಯ ಚೌಲ್‌ಗೆ ಇಳದು, ಜುನ್ನಾರ ದಾಟಿ ಬೀದರಕ್ಕ ಯಾಕ ಬಂದ? ತಂದಿದ್ದ ಕುದುರಿ ಇಲ್ಲಿ ಮಾರಿದ ಮ್ಯಾಲ ಅವನ ಕೆಲಸ ಮುಗದಿತ್ತು. ಆದ್ರೂ ಶಿವರಾತ್ರಿಗೆ ಶ್ರೀಶೈಲದ ಜಾತ್ರಿಗೆ ಹೋದ. ನಮ್ಮ ಮಂದಿ ಏನ್ ಉಣ್ತಾರ, ಹ್ಯಾಂಗ ಉಡ್ತಾರ, ಹ್ಯಾಂಗ ಪೂಜಿ ಮಾಡ್ತಾರ ಎಲ್ಲಾ ಬರಕೊಂಡ. ಸಾಲಗಾರಗ ಇದೆಲ್ಲಾ ಯಾಕ ಬೇಕ್ರಿ?

ಸುಮಾ ಟೀಚರ್, ಶಿವಮೊಗ್ಗ:
ನಿಕಿತಿನ್ ಒಬ್ಬನನ್ನೇ ಹಿಡಿದು ಎಳೆದಾಡುವ ಬದಲು ಇಡೀ ಮನುಕುಲವನ್ನು ನೋಡಿ. ಜಾರ್ಜಿಯಾದ ದ್ಮನಿಸಿಯಲ್ಲಿ ಸಿಕ್ಕ ಮಾನವ ಪೂರ್ವಜರ ಎಲುಬುಗಳಿಗೆ ಸುಮಾರು 18 ಲಕ್ಷ ವರ್ಷ. ಆಫ್ರಿಕಾದಿಂದ ಅಲ್ಲಿಯ ತನಕ ನಡೆದೇ ಬಂದವರು. ಮೆದುಳಿನ ಡೋಪಮೈನ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದ ಡಿಆರ್‌ಡಿ4 ಎಂಬ ಜೀನ್ ಇದೆ. 1999ರಲ್ಲಿ 39 ಜನಸಮುದಾಯಗಳನ್ನು ಹೋಲಿಸಿದ ಒಂದು ಅಧ್ಯಯನ ಬಂತು. ಪೂರ್ವಜರು ಹೆಚ್ಚು ದೂರ ವಲಸೆ ಹೋದ ಸಮುದಾಯಗಳಲ್ಲಿ ಈ ಜೀನಿನ ಉದ್ದನೆಯ ರೂಪಗಳು ಹೆಚ್ಚು ಕಂಡವು. ಅದರಲ್ಲಿ ಮುಖ್ಯವಾದದ್ದು 7ಆರ್. ಅಲೆಮಾರಿತನ ನಮ್ಮ ರಕ್ತದಲ್ಲೇ ಇದೆ ಅನ್ನುವುದಕ್ಕೆ ಇದಕ್ಕಿಂತ ಏನು ಬೇಕು?

ನಿಜನುಡಿ:
ಮೇಡಂ, ಅರ್ಧ ಮಾತ್ರ ಹೇಳಿದಿರಿ. 2008ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಹೊಸದನ್ನು ಹುಡುಕಿ ಹೋಗುವ ಸ್ವಭಾವಕ್ಕೂ ಈ 7ಆರ್‌ಗೂ ನಂಟೇ ಸಿಗಲಿಲ್ಲ. ಅದನ್ನು ಯಾಕೆ ಬಿಟ್ಟಿರಿ?
ಬೀದರದವರಿಗೆ: ಕುದುರೆ ಮಾರಿದ ಮೇಲೂ ಇದ್ದ ಅಂದಿರಿ. ಇರದೆ ಎಲ್ಲಿಗೆ ಹೋಗಬೇಕಿತ್ತು? ದಾರಿಯಲ್ಲೆಲ್ಲ ಯುದ್ಧ. ತನ್ನ ದೇಶಕ್ಕೆ ಒಯ್ಯುವ ಸರಕು ಇಲ್ಲಿ ಏನೂ ಇಲ್ಲ, ಸುಳ್ಳು ಹೇಳಿ ನನ್ನನ್ನು ಕಳಿಸಿದರು ಎಂದು ಆತ ಗೋಳಾಡಿದ್ದಾನೆ. ಆಸೆಯಿಂದ ಬಂದವನು ಹೀಗೆ ಬರೆಯುತ್ತಾನೆಯೇ?

ಸುಮಾ ಟೀಚರ್, ಶಿವಮೊಗ್ಗ:
ನಾನು ಏನನ್ನೂ ಬಿಟ್ಟಿಲ್ಲ. ಅದೇ 2008ರಲ್ಲಿ ಕೆನ್ಯಾದ ಅರಿಯಾಲ್ ಜನರ ಮೇಲೂ ಅಧ್ಯಯನ ಆಗಿದೆ. ಅವರಲ್ಲಿ ಕೆಲವರು ಈಗಲೂ ದನಕರುಗಳ ಜೊತೆ ಅಲೆಯುವವರು, ಕೆಲವರು ಒಂದೆಡೆ ನೆಲೆ ನಿಂತವರು. 7ಆರ್ ಇದ್ದವರು ಅಲೆಯುವ ಗುಂಪಿನಲ್ಲಿ ಮೈಕೈ ತುಂಬಿಕೊಂಡಿದ್ದರು. ಅದೇ ಜೀನ್ ಇದ್ದು ನೆಲೆ ನಿಂತವರು ಉಳಿದವರಿಗಿಂತ ಸೊರಗಿದ್ದರು. ಅಲೆಯುವ ಮೈಯನ್ನು ಕೂಡಿಹಾಕಿದರೆ ಅದು ಬಾಡುತ್ತದೆ ಸಾರ್.

ಕಂಬಳಿ, ಕುಷ್ಟಗಿ:
“ಅಲೆಯುವ ಮೈ” ಅಂದ್ರಿ, ಅದಕ್ಕ ಬರಿಯಾಕ ಕುಂತೆ. ಮೇಡಂ, ನಮ್ಮಪ್ಪ ಕುರಿ ಕಾಯೋವ. ವರ್ಷದಾಗ ಆರೇಳು ತಿಂಗಳು ಮನಿ ಕಾಣತಿರಲಿಲ್ಲ. ಅದು ಜೀನ್ ಅಲ್ಲ, ಮೇವು. ಮಳಿ ಹಿಡೀತಂದ್ರ ಎರಿಹೊಲದ ಕೆಸರಿಗೆ ಕುರಿ ಕಾಲು ಕೊಳೀತಾವ, ಅದಕ್ಕ ಮಸಬು ನೆಲ ಹುಡುಕ್ಕೊಂಡು ಹೋಗಬೇಕು. ಸುಗ್ಗಿ ಮುಗದ ಮ್ಯಾಲ ರೈತರ ಹೊಲದಾಗ ಕುರಿ ನಿಲ್ಲಸಬೇಕು, ಗೊಬ್ಬರಕ್ಕ ಬದಲು ಜ್ವಾಳ, ರೊಕ್ಕ ಕೊಡತಾರ. ರಾತ್ರಿ ತೋಳ, ಹಗಲು ಕಳ್ಳರು. ನಮ್ಮವ್ವ ನನ್ನ ತಮ್ಮನ್ನ ಹಡದಿದ್ದು ದಾರಿಯೊಳಗ, ಗಿಡದ ಬುಡಕ. ಪ್ಯಾಟಿಯೊಳಗ ಕುಂತವರಿಗೆ ತಿರಗೋದು ಆಸೆ. ನಮಗ ಅದು ಬಾಳೇವು.
ಅಪ್ಪ ಕುರಿ ಮಾರಿ ಐದು ವರ್ಷ ಆತು. ಈಗೂ ಮನಿಯೊಳಗ ನಿದ್ದಿ ಹತ್ತಂಗಿಲ್ಲ ಅಂತ ಅಂಗಳದಾಗ ಮಲಗತಾನ. ಅಷ್ಟು ಹಣ್ಣಾಗ್ಯಾನ.

ವರದಾ ದಂಡೆ:
ತಮ್ಮಾ, “ಮನಿಯೊಳಗ ನಿದ್ದಿ ಹತ್ತಂಗಿಲ್ಲ” ಎಂದು ನೀನೇ ಬರೆದೆ. ನಾನು ಹೇಳುತ್ತಿರುವುದೂ ಅದನ್ನೇ. ಮೇವಿನ ಚಿಂತೆ ಹೋಯಿತು, ಕುರಿ ಹೋದವು, ಆದರೂ ಅಪ್ಪನಿಗೆ ಗೋಡೆ ಆಗಿಬರುವುದಿಲ್ಲ. ಇದು ಆಸೆ ಅಲ್ಲದೆ ಮತ್ತೇನು?

ಕಂಬಳಿ, ಕುಷ್ಟಗಿ:
ಅಣ್ಣಾರ, ನಮ್ಮಪ್ಪನ ನಿದ್ದಿ ನಿಮ್ಮ ವಾದಕ್ಕ ಸಾಕ್ಷಿ ಮಾಡಬ್ಯಾಡ್ರಿ. ಅಂವ ಅಂಗಳದಾಗ ಮಲಗೋದು ಕುರಿ ಕದ್ದಾರಂತ ಹೆದರಿ ಎದ್ದೆದ್ದು ನೋಡೋ ರೂಢಿಗೆ. ಅರ್ಧ ರಾತ್ರಿಗೆ ಎದ್ದು ಕೋಲು ಹುಡಕತಾನ. ಅದನ್ನ ಆಸೆ ಅಂತೀರೇನು? ಒಮ್ಮೆ ಬಂದು ಆ ಕೋಲು ಹುಡಕೋ ಕೈ ನೋಡ್ರಿ, ಆಮೇಲೆ ಬರೀರಿ.

ಶರಾವತಿ ಕಡವು, ಹೊನ್ನಾವರ:
ಎಲ್ಲ ಬೀದರಿನ ಹಿಂದೆ ಬಿದ್ದಿದ್ದೀರಿ ಮಾರಾಯ್ರೆ. ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಇಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಬೇರೆಲ್ಲೂ ಹೀಗೆ ಕಾಣಲಿಲ್ಲ ಎಂದು ಹೇಳಿದ್ದಾನೆ. 1325ರಲ್ಲಿ, 21ರ ವಯಸ್ಸಿನಲ್ಲಿ ಟ್ಯಾಂಜಿಯರ್ ಬಿಟ್ಟದ್ದು ಹಜ್ ಯಾತ್ರೆಗೆ. ಹಜ್ ಆದ ಮೇಲೆ ಮನೆಗೆ ಹೋಗಬಹುದಿತ್ತಲ್ಲ? ಸುಮಾರು 29 ವರ್ಷ ತಿರುಗಿದ. ಸಾಲವೂ ಇಲ್ಲ, ಕುದುರೆಯೂ ಇಲ್ಲ. ಇದಕ್ಕೆ ನಿಜನುಡಿಯವರು ಏನು ಹೇಳುತ್ತಾರೆ?

ರೇಣುಕಾ ಎಸ್.:
29 ವರ್ಷ ತಿರುಗಿದ, ಸರಿ. ಅವನು ಊರೂರಲ್ಲಿ ಮದುವೆಯಾಗಿ ಬಿಟ್ಟುಹೋದ ಹೆಂಡಂದಿರ ಲೆಕ್ಕ ಯಾಕೆ ಹೇಳಲಿಲ್ಲ? ಅವನು ಕಡೆಗೆ ಮೊರಾಕ್ಕೊಗೆ ಹಿಂದಿರುಗಿದಾಗ ತಾಯಿ ಪ್ಲೇಗಿನಲ್ಲಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಕಾಯುತ್ತ ಕೂತವಳ ಕಥೆ ಯಾರೂ ಬರೆಯಲಿಲ್ಲ. ಒಬ್ಬನ ಕಾಲಿಗೆ ಚಕ್ರ ಬರಬೇಕಾದರೆ ಮನೆಯಲ್ಲಿ ಇನ್ನೊಬ್ಬರ ಕಾಲು ಕಟ್ಟಿಹಾಕಿರಬೇಕು.
ನನಗೂ ಬಸ್ಸು ಉಚಿತ. ಎರಡು ವರ್ಷದಲ್ಲಿ ನಾನು ಹೋದದ್ದು ಒಂದೇ ಸಲ, ಹೊರನಾಡಿಗೆ. ಬೆಳಿಗ್ಗೆ ಐದಕ್ಕೆ ಎರಡು ಎಮ್ಮೆ ಹಿಂಡಬೇಕು, ಡೈರಿಗೆ ಹಾಲು ಹಾಕಬೇಕು, ಅತ್ತೆಗೆ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಬೇಕು. ನನ್ನ ಗಂಡ ಮಾಲೆ ಹಾಕಿ ಪ್ರತಿ ವರ್ಷ ಶಬರಿಮಲೆಗೆ ಹೋಗಿಬರುತ್ತಾರೆ. ಅವರು ಹೋದಾಗ ಎಮ್ಮೆ ಹಿಂಡುವವಳು ನಾನು. ನಾನು ಹೊರನಾಡಿಗೆ ಹೋದ ದಿನ ತವರಿನಿಂದ ತಂಗಿಯನ್ನು ಕರೆಸಿದ್ದೆ. ಆಸೆ ಹುಟ್ಟಿನಿಂದ ಬರುತ್ತದೆ, ಒಪ್ಪುತ್ತೇನೆ, ನನ್ನೊಳಗೂ ಇದೆ. ಯಾರ ಆಸೆಗೆ ಬಾಗಿಲು ತೆರೆಯುತ್ತದೆ ಅನ್ನುವುದನ್ನು ಮಾತಾಡಿ.

ನಿಜನುಡಿ:
“ಆಸೆ ಹುಟ್ಟಿನಿಂದ ಬರುತ್ತದೆ” ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇಬ್ನ್ ಬತೂತಾ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಕೈಕೆಳಗೆ ಖಾಜಿಯಾಗಿ, ಅಂದರೆ ನ್ಯಾಯಾಧೀಶನಾಗಿ, ಸಂಬಳ ತೆಗೆದುಕೊಂಡವನು. ಹೊನ್ನಾವರಕ್ಕೆ ಬಂದದ್ದೂ ಸುಲ್ತಾನ ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ ದಾರಿಯಲ್ಲಿ. ಅದು ನೌಕರಿ.

ಬೀದರದವ:
ಇಬ್ನ್ ಬತೂತಾ ಇರ್ಲಿ. ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಜುನ್ನಾರದಾಗ ಅಲ್ಲಿ ಆಳೋ ಖಾನ ನಿಕಿತಿನ್ನನ ಕುದುರಿ ಕಸಗೊಂಡ. ಧರ್ಮ ಬದಲಿಸು, ಕುದುರಿನೂ ಕೊಡ್ತೀನಿ, ಸಾವಿರ ಹೊನ್ನೂ ಕೊಡ್ತೀನಿ ಅಂದ. ಸಾಲಕ್ಕ ಅಂಜಿ ಬಂದವನಾಗಿದ್ರ ಸಾವಿರ ಹೊನ್ನು ಬ್ಯಾಡ ಅಂತಿದ್ನೇನ್ರಿ? ಖುರಾಸಾನದ ಒಬ್ಬಾವ ನಡುವ ಬಂದು ಬಿಡಿಸಿದ. ಅಷ್ಟಾದ್ರೂ ಹಿಂದ ಹೋಗಲಿಲ್ಲ, ಮುಂದ ಬೀದರಕ್ಕ ಬಂದ. ಆಗ ಇಲ್ಲಿ ವಜೀರ ಆಗಿದ್ದ ಮಹಮೂದ್ ಗವಾನನೂ ಇರಾನದ ಗಿಲಾನ್‌ದಿಂದ ವ್ಯಾಪಾರಕ್ಕ ಬಂದವ. ಬಂದು ಇಲ್ಲೇ ನಿಂತು 1472ರಾಗ ಮದರಸಾ ಕಟ್ಟಿಸಿದ. ನಾ ದಿನಾ ಆ ಮಿನಾರದ ನೆಳ್ಳಾಗ ದಾಟ್ತೀನಿ. ಹಸಿರು ನೀಲಿ ಹಂಚಿನ ಚೂರು ಇನ್ನೂ ಅಂಟಿಕೊಂಡಾವ. ಬರೇ ರೊಕ್ಕಕ್ಕ ಬಂದವರು ಇಂಥಾದ್ದು ಕಟ್ಟಂಗಿಲ್ಲ.

ನಿಜನುಡಿ:
ಸಾವಿರ ಹೊನ್ನು ಬೇಡ ಅಂದದ್ದು ತನ್ನ ಧರ್ಮದ ಮೇಲಿನ ನಿಷ್ಠೆಯಿಂದ. ಅಲೆಯುವ ಆಸೆಗೂ ಅದಕ್ಕೂ ಏನು ಸಂಬಂಧ? ಪುಸ್ತಕಗಳೆಲ್ಲ ಲೂಟಿಯಾಗಿ ಈಸ್ಟರ್ ಯಾವ ದಿನ, ಉಪವಾಸ ಯಾವ ದಿನ ಎಂದೇ ತಿಳಿಯದೆ ಆತ ಸಂಕಟಪಟ್ಟ. ಹಿಂದೂಸ್ತಾನಕ್ಕೆ ಹೋಗುವವರು ನಿಮ್ಮ ಧರ್ಮವನ್ನು ರಷ್ಯಾದಲ್ಲೇ ಬಿಟ್ಟು ಹೋಗಿ ಎಂದು ಎಚ್ಚರಿಸಿದ. ಇದು ಊರಿಗೆ ಹಂಬಲಿಸುವವನ ಮಾತು.

ಸುಮಾ ಟೀಚರ್, ಶಿವಮೊಗ್ಗ:
“ಹಂಬಲಿಸುವವನು” ಅಂದಿರಲ್ಲ, ಊರಿನ ಹಂಬಲವೂ ದೂರದ ಹಂಬಲವೂ ಒಂದೇ ಮೈಯಲ್ಲಿ ಇರಬಾರದೇ? ಹಕ್ಕಿಗಳಲ್ಲಿ ಇಲ್ಲವೇ? ಮಂಡಗದ್ದೆಗೆ ಪ್ರತಿ ಮಳೆಗಾಲ ಬೆಳ್ಳಕ್ಕಿ ಬರುತ್ತವೆ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮರಿ ಮಾಡುತ್ತವೆ, ಹೋಗುತ್ತವೆ.

ಕಂಬಳಿ, ಕುಷ್ಟಗಿ:
ಮೇಡಂ, ಈಗ ಹಕ್ಕಿಗೆ ಬಂದ್ರಿ. ಹಕ್ಕಿನೂ ಮೇವಿಗೇ ಹೋಗತಾವ, ಮರಿ ಮಾಡಾಕ ಹೋಗತಾವ. ನಾ ಹೇಳಿದ್ದು ಇದನ್ನ.

ರೇಣುಕಾ ಎಸ್.:
ನನ್ನ ಮಾತಿಗೆ ಒಬ್ಬರೂ ಉತ್ತರ ಕೊಡಲಿಲ್ಲ. ವರದಾ ದಂಡೆಯವರೇ, ಒಂದೇ ಕೇಳುತ್ತೇನೆ. ನಿಮ್ಮ ದೊಡ್ಡವ್ವ ಮುರ್ಡೇಶ್ವರಕ್ಕೆ ಹೋದ ದಿನ ಅವರ ಮನೆಯಲ್ಲಿ ರೊಟ್ಟಿ ಬಡಿದವರು ಯಾರು?

ವರದಾ ದಂಡೆ:
ಸೊಸೆ. ಅವಳೂ ಬರುತ್ತೇನೆ ಅಂದಿದ್ದಳು, ಮಕ್ಕಳ ಪರೀಕ್ಷೆ ಇತ್ತು. ನೀವು ಕೇಳಿದ ಮೇಲೆ ಅದು ಮನಸ್ಸಿಗೆ ಬಂತು, ಅದಕ್ಕೆ ಮೊದಲು ಬಂದಿರಲಿಲ್ಲ. ಆದರೆ ಇದರಿಂದ ನನ್ನ ವಾದ ಸುಳ್ಳಾಗುವುದಿಲ್ಲ ಅಕ್ಕಾರೆ. ಅವಳಿಗೂ ಹೋಗಬೇಕು ಅನ್ನಿಸಿತ್ತು, ಅದನ್ನೇ ನಾನು ಹೇಳುತ್ತಿದ್ದೇನೆ.

ಬೀದರದವ:
ನಿಜನುಡಿ ಸಾಹೇಬ್ರ, ಊರಿಗೆ ಹಂಬಲಿಸೋನು ದಾಭೋಲ್‌ನಾಗ ಹಡಗ ಹತ್ತಿ, ಬಿರುಗಾಳಿಗೆ ಇಥಿಯೋಪಿಯಾ ದಂಡಿಗೆ ಬಿದ್ದು, ಮಸ್ಕತ್, ಹೋರ್ಮುಜ್, ತಬ್ರೀಜ್, ಟ್ರೆಬಿಜಾಂಡ್ ಸುತ್ತಿ ಕರಿ ಸಮುದ್ರ ದಾಟ್ಯಾನ. ಅಷ್ಟೆಲ್ಲಾ ದಾರಿಯೊಳಗೂ ಬರಿಯೋದು ಬಿಡಲಿಲ್ಲ. ಈಗ ಹೇಳ್ರಿ.

ನಿಜನುಡಿ:
ಹೇಳುತ್ತೇನೆ. ಇವೆಲ್ಲ ಮನೆಯ ದಾರಿ. ಸ್ಮೊಲೆನ್‌ಸ್ಕ್ ಮುಟ್ಟುವ ಮೊದಲೇ ಸತ್ತ, ತ್ವೇರ್‌ಗೆ ತಲುಪಲೇ ಇಲ್ಲ. ಮನೆಗೆ ಹೊರಟು ದಾರಿಯಲ್ಲಿ ಸತ್ತವನನ್ನು ಅಲೆಮಾರಿ ಎಂದು ಕರೆಯಬೇಡಿ.

ಬೀದರದವ:
ಮನಿ ದಾರಿ ಅಂತ ನಾನೂ ಒಪ್ತೀನಿ. ಆ ದಾರಿ ಬೀದರದ ಮ್ಯಾಲಿಂದ ಹಾದು ಹೋಗಿತ್ತು. ಅದನ್ನ ನೀವು ಅಳಸಾಕ ಆಗಂಗಿಲ್ಲ.