ವೇಸ್ಟ್‌ಗೇಟ್: ಕನ್ನಡ ಪದ ಬೇಕು (ಪೇಂಟರ್ ನಾಳೆ ಹತ್ತಕ್ಕೆ ಬರ್ತಾನೆ)

ಭೋಸರಿಯಿಂದ:
ಪುಣೆಯ ಭೋಸರಿಯಲ್ಲಿ ನಮ್ಮದು ಗ್ಯಾರೇಜು. ಮಾಮೂಲಿ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ (ಎಂಜಿನ್ನಿನ ಹೊಗೆಯಿಂದಲೇ ತಿರುಗಿ ಒಳಗೆ ಹೆಚ್ಚು ಗಾಳಿ ತುಂಬುವ ಚಕ್ರ) ಕೂರಿಸಿ 100 ಎಚ್‌ಪಿಯನ್ನು 150ಕ್ಕೆ ಏರಿಸುವ ಕೆಲಸ. ವೇಸ್ಟ್‌ಗೇಟ್ ಅಂದರೆ ಟರ್ಬೊಗೆ ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು. ಹುಡುಗರೆಲ್ಲ ಇಂಡಿ, ಆಳಂದ ಕಡೆಯವರು. ಹೋದ ವಾರ ಒಬ್ಬ ವೇಸ್ಟ್‌ಗೇಟಿನ ಬಾಗಿಲು ತೆರೆಯುವ ಡಬ್ಬಿಗೆ ಗಾಳಿ ಒಯ್ಯುವ ಕಿರುಬೆರಳ ಗಾತ್ರದ ರಬ್ಬರ್ ಪೈಪ್ ಸಿಕ್ಕಿಸೋದು ಮರೆತು ಗಾಡಿಯನ್ನು ಅದರ ಶಕ್ತಿ ಅಳೆಯುವ ಡೈನೊ ಮೇಲೆ ಓಡಿಸಿದ. 0.7 ಬಾರ್‌ಗೆ ನಿಲ್ಲಬೇಕಿದ್ದ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರುತ್ತಲೇ ಹೋಯಿತು. ಎರಡನೇ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚೇ ಮುರಿದುಬಿತ್ತು. ಅದಕ್ಕೇ ಗೋಡೆಗೆ ಬೋರ್ಡ್: “_____ ಪೈಪ್ ನೋಡದೆ ಡೈನೊ ಹಚ್ಚಬೇಡಿ.” ಬಿಟ್ಟ ಜಾಗಕ್ಕೊಂದು ಪದ ಕೊಡಿ, ಸಾಕು.

ಕೋಥರೂಡಿನಿಂದ:
ತೂಬು. ತೆರೆಯುತ್ತೆ, ಮುಚ್ಚುತ್ತೆ. ಮುಗೀತು.

ಚಿಂಚ್‌ವಡದಿಂದ (ಊರು ತುಮಕೂರು):
ತೂಬು ಅಲ್ಲವೇ ಅಲ್ಲ. ತೂಬಿನ ನೀರು ಗದ್ದೆಗೆ, ಬೇಕಾದ ನೀರು. ವೇಸ್ಟ್‌ಗೇಟಿನಲ್ಲಿ ಹೋಗುವುದು ಟರ್ಬೈನಿಗೆ ಬೇಡವಾದ ಹೊಗೆ. ಕೆರೆ ತುಂಬಿ ಮಿಕ್ಕದ್ದು ಹರಿಯುವ ಕಡೆಗೆ ಹೆಸರಿಲ್ಲವೇ? ಕೋಡಿ. ತೂಬು ಎತ್ತಲು ನೀರುಗಂಟಿ ಬೇಕು. ವೇಸ್ಟ್‌ಗೇಟಿಗೆ ಯಾರೂ ಬೇಡ. ಬೂಸ್ಟು ಡಬ್ಬಿಯ ಸ್ಪ್ರಿಂಗನ್ನು ಮೀರಿದೊಡನೆ ತಾನೇ ಬಿಚ್ಚಿಕೊಳ್ಳುತ್ತೆ. ಕೋಡಿ ಮುಚ್ಚಿದರೆ ಕೆರೆಯ ಏರಿಯೇ ಒಡೆಯುತ್ತೆ. ನಿಮ್ಮ ಪಿಸ್ಟನ್ ಮುರಿದದ್ದೂ ಹಾಗೇ.

ಹಡಪ್ಸರದಿಂದ:
ಕೋಡಿ ಚೆನ್ನಾಗಿದೆ. ಆದರೆ ಟರ್ಬೊವನ್ನೇಕೆ ಹಾಗೇ ಬಿಟ್ಟಿರಿ? ಲ್ಯಾಟಿನ್ನಿನಲ್ಲಿ ಟರ್ಬೊ ಅಂದರೆ ಸುಂಟರಗಾಳಿ, ಬುಗುರಿ ಎರಡೂ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಚಕ್ರಕ್ಕೆ ಬುಗುರಿಗಿಂತ ಹೆಸರು ಬೇಕೆ? ನಾನು ಇದನ್ನು ಇಲ್ಲಿ ಮೂರನೇ ಸಲ ಹೇಳುತ್ತಿದ್ದೇನೆ. ಹಾಗೇ ಎಚ್‌ಪಿ ಬಿಡಿ, ಅಶ್ವಶಕ್ತಿ ಅನ್ನಿ.

ಕೋಥರೂಡಿನಿಂದ:
ಅಶ್ವವೂ ಎರವಲು, ಶಕ್ತಿಯೂ ಎರವಲು. ಕುದುರೆಕಸುವು ಅನ್ನುವ ಧೈರ್ಯವಿಲ್ಲದಿದ್ದರೆ ಎಚ್‌ಪಿಯೇ ಇರಲಿ.

ಹಡಪ್ಸರದಿಂದ:
ಅರ್ಜಿ, ಕಚೇರಿ, ಕಾರ್ಖಾನೆಗಳನ್ನೂ ಹೊರಗೆ ಹಾಕುತ್ತೀರೋ?

ಕೋಥರೂಡಿನಿಂದ:
ಬಂದವು ಇರಲಿ. ಹೊಸದಾಗಿ ಬೇಕಾದದ್ದನ್ನೆಲ್ಲ ಸಂಸ್ಕೃತದ ಅಂಗಡಿಯಿಂದಲೇ ತರಬೇಕು ಅನ್ನೋದಕ್ಕೆ ನನ್ನ ತಕರಾರು.

ಹಡಪ್ಸರದಿಂದ:
ತಕರಾರು ಅರಬ್ಬಿ.

ಚಿಂಚ್‌ವಡದಿಂದ:
ಊರಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಅದನ್ನು ಅಶ್ವಶಕ್ತಿ ಅಂದ ರೈತನನ್ನು ನಾನಂತೂ ಕಂಡಿಲ್ಲ. ಅಷ್ಟಕ್ಕೂ ಯಾವ ಕುದುರೆ? ಜೇಮ್ಸ್ ವಾಟ್‌ನದು 746 ವ್ಯಾಟ್. ಕಾರಿನ ಕ್ಯಾಟಲಾಗಿನಲ್ಲಿ ಪಿಎಸ್ ಅಂತಿರುವ ಜರ್ಮನ್ ಕುದುರೆ 735.5, ಸ್ವಲ್ಪ ಬಡಕಲು. ಮೊದಲು ಅದನ್ನು ಇತ್ಯರ್ಥ ಮಾಡಿ. ಕೋಡಿಯ ಮಾತು ಎಲ್ಲಿಗೆ ಬಂತು?

ಭೋಸರಿಯಿಂದ:
ಪೇಂಟರ್ ಬಂದು ಚಹಾ ಕುಡಿದೂ ಆಯ್ತು. ಹುಡುಗರನ್ನೇ ಕರೆದು ಕೇಳಿದೆ. “ಕೋಡಿ ಅಂದ್ರ ಏನ್ರಿ?” ಅಂದ ಆಳಂದದವ. ಪಿಸ್ಟನ್ ಮುರಿದವ ತಲೆ ತಗ್ಗಿಸಿಕೊಂಡೇ, “ಅದಕ್ಕ ನಾವು ಕಿಡಕಿ ಅಂತೀವ್ರಿ” ಅಂದ. ಮಿಕ್ಕವರೂ ಹೌದು ಹೌದು ಅಂದರು. ನನ್ನ ಗ್ಯಾರೇಜಿನಲ್ಲೇ ಓಡಾಡುತ್ತಿರುವ ಪದ, ನನಗೇ ಗೊತ್ತಿರಲಿಲ್ಲ. “ಕಿಡಕಿ ಪೈಪ್ ನೋಡದೆ ಡೈನೊ ಹಚ್ಚಬೇಡಿ” ಅಂತ ಕೆಂಪು ಬಣ್ಣದಲ್ಲಿ ಬರೆಸಿಯಾಯಿತು. ಎಲ್ಲರಿಗೂ ಉಪಕಾರ.

ಕೋಥರೂಡಿನಿಂದ:
ಕಿಡಕಿ ಮರಾಠಿ.